ಸಾಯಿಲು ಮೇಸ್ತ್ರಿ ‘ಚಾಲು’ ಅಂದ ವರ್ಷ

ಎದುರುಮನೆಯವರು ಹೊಸ ಗೇಟು ಕೂಡಿಸುತ್ತಿದ್ದಾರೆ. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಕಿಟಕಿಯಿಂದ ವೆಲ್ಡಿಂಗ್ ರಾಡು ಸುಟ್ಟ ವಾಸನೆ ಒಳಗೆ ಬಂತು. ಗ್ಯಾಸು ಸಣ್ಣಗೆ ಮಾಡಿ ಹೋಗಿ ನೋಡಿದೆ. ಮಷೀನು ಎಲ್ಲಿಟ್ಟಿದ್ದಾರೆ, ವೈರು ನೀರಿನಲ್ಲಿ ಬಿದ್ದಿದೆಯೋ ಏನು, ಸ್ವಿಚ್ಚಿನ ಹತ್ತಿರ ನಿಂತವನ ಗಮನ ಕೆಲಸದ ಮೇಲಿದೆಯೋ ಫೋನಿನ ಮೇಲಿದೆಯೋ. ಫೋನಿನ ಮೇಲೇ ಇತ್ತು. ಇಲ್ಲಿಂದಲೇ ಒದರಿದೆ. ಅವನು ಬೆಚ್ಚಿಬಿದ್ದು ಫೋನು ಜೇಬಿಗೆ ಹಾಕಿದ.

“ನಿನಗ ಕಂಡೋರ ಮ್ಯಾಲೆಲ್ಲಾ ಸಂಶೇನ” ಅಂತ ನನ್ನ ಗಂಡ ಹಿಂದಿನಿಂದ ನಕ್ಕ. ನಗಲಿ, ನಗೋದಕ್ಕೇನು ಹೋಗುತ್ತದೆ. ಚರ್ಲಪಲ್ಲಿಯ ಆ ವೆಲ್ಡಿಂಗ್ ಶೆಡ್ಡಿನಲ್ಲಿ ನಾನು ಕಳೆದ ಆ ಒಂದು ವರ್ಷವನ್ನು ಅವನು ಕಳೆದಿದ್ದರೆ ಗೊತ್ತಾಗುತ್ತಿತ್ತು.

ನಮ್ಮದು ಕುಷ್ಟಗಿ ಕಡೆಯ ಹಳ್ಳಿ. ವೆಲ್ಡಿಂಗ್ ಕೋರ್ಸು ಮುಗಿಸಿದಾಗ ಇಡೀ ಕ್ಲಾಸಿಗೆ ನಾನೊಬ್ಬಳೇ ಹುಡುಗಿ. ಕೋರ್ಸು ಮುಗಿದರೆ ಸಾಲದು, ಒಂದು ವರ್ಷ ಎಲ್ಲಾದರೂ ಅಪ್ರೆಂಟಿಸ್ ಆಗಿ ಕೈ ಪಳಗಿಸಬೇಕು. ನಮ್ಮ ಅಣ್ಣ ಖಡಕ್ಕಾಗಿ ಹೇಳಿಬಿಟ್ಟಿದ್ದ: “ಒಂದು ವರ್ಷ ನೋಡು. ಅಲ್ಲೇ ಕೆಲಸಕ್ಕ ಇಟ್ಕೊಂಡ್ರ ನಿನ್ನ ಪುಣ್ಯೆ. ಇಲ್ಲಂದ್ರ ಸುಮ್ನ ವಾಪಸ್ ಬಂದು, ನಾ ತೋರಿಸಿದ ಗಂಡಿಗೆ ಹೂಂ ಅನ್ನಬೇಕು.” ಅವನು ತೋರಿಸಿದ್ದ ಗಂಡನ್ನು ನಾನು ನೋಡಿದ್ದೆ. ಅದಕ್ಕೇ ಹೈದರಾಬಾದಿನ ಮಲ್ಕಾಜ್‌ಗಿರಿಗೆ ಬಂದೆ. ಇಲ್ಲಿ ನಮ್ಮ ಕಾಕಾ ರೈಲ್ವೆಯಲ್ಲಿ ಖಲಾಸಿ. ಅವನ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಕಾಕು ನನಗೊಂದು ಚಾಪೆಯಷ್ಟು ಜಾಗ ಮಾಡಿಕೊಟ್ಟಳು.

ಶೆಡ್ಡಿಗೆ ನನ್ನನ್ನು ಸೇರಿಸಿದ್ದು ಬಸಣ್ಣ ಅನ್ನುವವರು. ಕಾಕಾನ ಪರಿಚಯ, ಗುರುಮಠಕಲ್ ಕಡೆಯವರು, ಆ ಶೆಡ್ಡಿನಲ್ಲಿ ಹಳೆಯ ಫಿಟ್ಟರ್. ಕನ್ನಡ, ತೆಲುಗು, ಹಿಂದಿ ಮೂರೂ ಅವರ ಬಾಯಲ್ಲಿ ನೀರು ಕುಡಿದ ಹಾಗೆ. ಶೆಡ್ಡಿನ ಮಾಲೀಕ ಸೇಠ್‌ನ ಮುಂದೆ ನನ್ನನ್ನು ನಿಲ್ಲಿಸಿಕೊಂಡು ತೆಲುಗಿನಲ್ಲಿ ಏನೇನೋ ಹೇಳಿದರು. ಸೇಠ್ ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯೂ ನೋಡಿದ. ಅವನಿಗೂ ತಲೆ ಆಡಿಸಿದೆ. ಕೆಲಸ ಬೇಕಾದವಳು ಇನ್ನೇನು ಮಾಡಬೇಕು?

ಮೇಸ್ತ್ರಿಯ ಹೆಸರು ಸಾಯಿಲು. ಮೆದಕ್ ಕಡೆಯ ಮನುಷ್ಯ, ಐವತ್ತು ದಾಟಿದವ, ಹುಬ್ಬಿನ ಕೂದಲು ಕಿಡಿ ತಾಗಿ ತಾಗಿ ಅರ್ಧ ಹೋಗಿತ್ತು. ಅವನ ಹಿಂದಿ ನನ್ನದಕ್ಕಿಂತ ಹರಕು, ‘ಎತ್ತು’, ‘ಇಡು’, ‘ಕತ್ತರಿಸು’ ಇಷ್ಟಕ್ಕೇ ಮುಗಿಯುತ್ತಿತ್ತು. ಮೇಲೆ ಏನಾದರೂ ಹೇಳುವುದಿದ್ದರೆ ತೆಲುಗಿನಲ್ಲಿ ಗೊಣಗುತ್ತಿದ್ದ. ನಾನು ಹಿಂದಿಯಲ್ಲಿ ಉತ್ತರ ಕೊಟ್ಟರೆ ಮುಖ ಗಂಟಿಕ್ಕುತ್ತಿದ್ದ. ಇವನಿಗೆ ಹೆಂಗಸು ಶೆಡ್ಡಿಗೆ ಬಂದದ್ದು ಸಹಿಸುತ್ತಿಲ್ಲ, ಬೇಕಂತಲೇ ನನಗೆ ತಿಳಿಯದ ಮಾತಿನಲ್ಲಿ ಬೈಯುತ್ತಿದ್ದಾನೆ ಅಂತ ನಾನು ಮೊದಲ ವಾರವೇ ತೀರ್ಮಾನ ಮಾಡಿದೆ.

ತೀರ್ಮಾನಕ್ಕೆ ಕಾರಣಗಳೂ ಬೇಕಾದಷ್ಟಿದ್ದವು. ನನ್ನ ಗ್ಲೌಸು ಮೂಲೆಯಿಂದ ಮಾಯವಾಗುತ್ತಿತ್ತು. ನನಗೆ ಕೊಡುವ ರಾಡುಗಳು ಯಾವಾಗಲೂ ತೇವ ಹಿಡಿದವೇ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ನಾನು ಎರಡು ಕಬ್ಬಿಣದ ಪಟ್ಟಿ ಕೂಡಿಸಿ, ಮೇಲಿನ ಕರಿ ಪೊರೆ ತಟ್ಟಿ ತೆಗೆದು, ಬ್ರಷ್ ಹೊಡೆದು ಇಟ್ಟರೆ ಮೇಸ್ತ್ರಿ ಬಂದು ಅದನ್ನು ಮೇಜಿನ ವೈಸಿನಲ್ಲಿ ಬಿಗಿಯಾಗಿ ಕಚ್ಚಿಸಿ ದೊಡ್ಡ ಸುತ್ತಿಗೆಯಿಂದ ಬಡಿದು ಮುರಿಯುತ್ತಿದ್ದ. ಮುರಿದ ಬಾಯನ್ನು ನನ್ನ ಮೂಗಿನ ಹತ್ತಿರ ಹಿಡಿದು ಮತ್ತೆ ತೆಲುಗು. ದಿನಾ ಅದೇ. ಬೇರೆಯವರದ್ದನ್ನು ಹೀಗೆ ಮುರಿಯುತ್ತಿರಲಿಲ್ಲ, ನಾನು ಕಣ್ಣಾರೆ ನೋಡುತ್ತಿದ್ದೆ.

“ಬಸಣ್ಣಾರ, ಆತ ಏನ್ ಅನ್ನಾಕತ್ತಾನ ನನಗ?” ಅಂತ ಕೇಳಿದರೆ ಬಸಣ್ಣ ಕೈ ಬೀಸಿಬಿಡುತ್ತಿದ್ದರು. “ಬಿಡು ತಂಗಿ, ಮೇಸ್ತ್ರಿ ಅಂದ ಮ್ಯಾಲೆ ಗೊಣಗೂದ. ನೀ ಹೂಂ ಅಂತಿರು.” ನಾನು ಹೂಂ ಅನ್ನುತ್ತಿದ್ದೆ. ಏನೇ ಆಗಲಿ, ನಮ್ಮ ಮಾತು ಆಡುವವರು ಒಬ್ಬರಾದರೂ ಇದ್ದಾರಲ್ಲ ಅಂತ ಧೈರ್ಯ.

ಬೇಸಿಗೆ ಏರಿತು. ತಗಡಿನ ಚಾವಣಿ, ಕೆಳಗೆ ನಾಲ್ಕೈದು ಮಷೀನು, ಮಧ್ಯಾಹ್ನ ನೀರು ಕುಡಿದರೆ ಹೊಟ್ಟೆ ಸೇರುವ ಮೊದಲೇ ಬೆನ್ನಲ್ಲಿ ಬೆವರಾಗಿ ಇಳಿಯುತ್ತಿತ್ತು. ಆಗ ಒಂದು ದೊಡ್ಡ ಕಬ್ಬಿಣದ ನೀರಿನ ಟ್ಯಾಂಕು ರಿಪೇರಿಗೆ ಬಂತು. ತಳದ ಜೋಡಣೆ ಸೋರುತ್ತಿತ್ತು, ಒಳಗೆ ಇಳಿದು ವೆಲ್ಡಿಂಗ್ ಮಾಡಬೇಕು. ಒಬ್ಬರು ಒಳಗೆ, ಒಬ್ಬರು ಬಾಯಿಯ ಹತ್ತಿರ ನಿಂತು ರಾಡು ಕೊಡುವುದು, ಇನ್ನೊಬ್ಬರು ಸ್ವಿಚ್ಚಿನ ಬಳಿ. ಸ್ವಿಚ್ಚು ಯಾವಾಗಲೂ ಬಸಣ್ಣನದು. ಅವತ್ತು ಅವರು, “ತಂಗಿ, ನೀ ಸ್ವಿಚ್ ಕಡೆ ನಿಂದ್ರು, ನಾ ರಾಡ್ ಕೊಡ್ತೀನಿ. ಇಲ್ಲಿ ಜರಾ ಗಾಳಿ ಐತಿ” ಅಂದರು.

ಅವತ್ತು ಬೆಳಿಗ್ಗೆ ತಾನೇ ಮೇಸ್ತ್ರಿ ನನ್ನ ಪಟ್ಟಿ ಮುರಿದಿದ್ದ. ನಾನು ಎಲ್ಲರ ಎದುರಿಗೆ ಮುಖಕ್ಕೆ ಹಿಡಿಯುವ ಶೀಲ್ಡು ನೆಲಕ್ಕೆ ಬಡಿದು, “ಇವನ ಕೈ ಮುರೀಲಿ” ಅಂದಿದ್ದೆ. ಕನ್ನಡದಲ್ಲಿ ಅಂದಿದ್ದೆ ನಿಜ, ಆದರೆ ಮುಖ ನೋಡಿದರೆ ಯಾವ ಭಾಷೆಯವರಿಗೂ ಅರ್ಥವಾಗುವ ಮಾತು.

ಟ್ಯಾಂಕಿನ ಒಳಗಿನಿಂದ ಮೇಸ್ತ್ರಿ “ಬಂದ್” ಅಂದ. ಬಂದ್ ಮಾಡಿದೆ. ಅವನ ಗ್ಲೌಸು ಬೆವರಿಗೆ ನೆನೆದು ತೊಪ್ಪೆಯಾಗಿತ್ತಂತೆ, ತೆಗೆದು ಪಕ್ಕಕ್ಕಿಟ್ಟು ಬರಿಗೈಯಲ್ಲಿ ಹೋಲ್ಡರಿಗೆ ಹೊಸ ರಾಡು ಸಿಕ್ಕಿಸುತ್ತಿದ್ದ. ಅದೆಲ್ಲ ನನಗೆ ಹೇಗೆ ಕಾಣಬೇಕು? ಬಸಣ್ಣ ಬಗ್ಗಿ ಒಂದರ ಹಿಂದೊಂದು ರಾಡು ಒಳಗೆ ಕೊಡುತ್ತಿದ್ದದ್ದು ಕಾಣಿಸುತ್ತಿತ್ತು. ಆಗ ಒಳಗಿನಿಂದ ಜೋರಾಗಿ ಕೇಳಿಸಿತು: “ಚಾಲು! ಚಾಲು!”

ನಮ್ಮೂರಲ್ಲಿ ಪಂಪ್‌ಸೆಟ್ಟು ಚಾಲೂ ಮಾಡುತ್ತೇವೆ, ಟಿ.ವಿ. ಚಾಲೂ ಮಾಡುತ್ತೇವೆ, ಗಾಡಿ ಚಾಲೂ ಮಾಡುತ್ತೇವೆ. ನಾನು ಸ್ವಿಚ್ಚು ಒತ್ತಿದೆ.

ಒಳಗಿನಿಂದ ಬಂದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಕಬ್ಬಿಣಕ್ಕೆ ಮೈ ಬಡಿದ ಸದ್ದು. “ಬಂದ್ ಮಾಡ, ಬಂದ್ ಮಾಡವಾ!” ಅಂತ ಬಸಣ್ಣ ಚೀರಿದರು. ಬಂದ್ ಮಾಡಿದೆ. ನಾಲ್ಕು ಜನ ಸೇರಿ ಮೇಸ್ತ್ರಿಯನ್ನು ಹೊರಗೆ ಎಳೆದರು. ಅಂಗೈ ಸುಟ್ಟಿತ್ತು, ಶಾಕಿಗೆ ಹಿಂದಕ್ಕೆ ಬಿದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. ಜೀವ ಇತ್ತು, ಅಷ್ಟೇ ಪುಣ್ಯ. ನಾನು ಸ್ವಿಚ್ಚಿನ ಬಳಿಯೇ ಕೂತೆ. ಯಾರೂ ನನ್ನ ಹತ್ತಿರ ಬರಲಿಲ್ಲ.

ತೆಲುಗಿನಲ್ಲಿ ‘ಚಾಲು’ ಅಂದರೆ ಸಾಕು ಅಂತ. ರಾಡು ಸಾಕು, ಇನ್ನು ಕೊಡಬೇಡ ಅಂತ ಅವನು ಬಸಣ್ಣನಿಗೆ ಹೇಳಿದ್ದು. ಇದು ನನಗೆ ತಿಳಿದದ್ದು ಸೇಠ್‌ನ ಗಾಜಿನ ಕೋಣೆಯಲ್ಲಿ, ಕೆಲವು ದಿನಗಳ ಮೇಲೆ, ಮೇಸ್ತ್ರಿ ಮುರಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದು ಕೂತಾಗ. “ನನಗ ತೆಲುಗು ಬರೂದಿಲ್ರಿ” ಅಂತ ಹಿಂದಿಯಲ್ಲಿ ಹೇಳಿದೆ. ಮೇಸ್ತ್ರಿ ಬಸಣ್ಣನ ಕಡೆ ನೋಡಿದ. ಬಸಣ್ಣ ತಮ್ಮ ಚಪ್ಪಲಿ ನೋಡಿಕೊಂಡರು. ಸೇಠ್ ನನ್ನ ಮುಖ ನೋಡಿ ಒಂಥರಾ ನಕ್ಕ. ಆ ನೋಟ, ಆ ನಗು ನೋಡಿ ಇವರೆಲ್ಲ ಒಳಗೊಳಗೆ ಏನೋ ಮಸಲತ್ತು ಮಾಡಿದ್ದಾರೆ ಅನ್ನಿಸಿತು. ಹೈದರಾಬಾದಿನಲ್ಲಿ ಇಷ್ಟು ವರ್ಷ ಹಿಂದಿಯವರ ಜೊತೆ ಕೆಲಸ ಮಾಡಿದವನಿಗೆ ಚಾಲೂ ಅಂದರೆ ಏನು ಅಂತ ಗೊತ್ತಿಲ್ಲವೇ? ಬೇಕಂತಲೇ ಅಂದಿದ್ದಾನೆ, ನನ್ನನ್ನು ಓಡಿಸಲು.

ಮನೆಯಲ್ಲಿ ಇದನ್ನು ಹೇಳಿದಾಗ ಕಾಕು ಲಟ್ಟಣಿಗೆ ಹಿಡಿದವಳು ಹಾಗೇ ನಿಂತಳು. “ನಿನ್ನ ಓಡಿಸಾಕ ತನ್ನ ಕೈ ತಾನ ಮುರ್ಕೋತಾನೇನ ಹುಚ್ಚಿ?”

“ಕೈ ಮುರಿಯೂದು ಅವಗ ಮೊದಲ ಗೊತ್ತಿರಲಿಲ್ಲಲ್ಲ!”

“ಯವ್ವಾ, ನಿನ್ನ ಕಟ್ಕೊಳ್ಳಾಂವ ಯಾರಿದ್ದಾನೋ, ಅವನ್ನ ದೇವರು ಚಂದ ಇಡಲಿ” ಅಂದು ಕಾಕು ರೊಟ್ಟಿ ಹೆಂಚಿಗೆ ಹಾಕಿದಳು.

ಸೇಠ್ ನನ್ನನ್ನು ಕಳಿಸಿಬಿಡಬೇಕು ಅಂತಲೇ ಇದ್ದ. ಬೇಡ ಅಂದದ್ದು ಯಾರು ಅಂದುಕೊಂಡಿರಿ? ಮೇಸ್ತ್ರಿಯೇ. “ಇವಳು ಇರಲಿ. ನನ್ನ ಕೈಕೆಳಗ ಇರಲಿ” ಅಂದ. ಅವನ ಹರಕು ಹಿಂದಿಯನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಉಳಿದೆನಲ್ಲ ಅಂತ ಖುಷಿಪಡಬೇಕಾದವಳು ನಾನು ಭಯಪಟ್ಟೆ. ಕೈ ಮುರಿದುಕೊಂಡವನು, ಮುರಿದವಳನ್ನು ಯಾಕೆ ಹತ್ತಿರ ಇಟ್ಟುಕೊಳ್ಳುತ್ತಾನೆ? ಸೇಡಿಗೆ ಅಲ್ಲದೆ ಮತ್ತೆ ಯಾಕೆ?

ಮಳೆಗಾಲವೆಲ್ಲ ಹಾಗೇ ಹೋಯಿತು. ತಗಡಿನ ಮೇಲೆ ಮಳೆ ಸುರಿದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮೇಸ್ತ್ರಿ ಬಲಗೈಗೆ ಪ್ಲಾಸ್ಟರ್, ಎಡಗೈಯಲ್ಲಿ ಒಂದು ಸ್ಟೀಲ್ ಸ್ಕೇಲು ಹಿಡಿದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದ. ನನ್ನ ಮೊಣಕೈ ಇಳಿದರೆ ಸ್ಕೇಲಿನಿಂದ ತಟ್ಟಿ ಮೇಲಕ್ಕೆ, ರಾಡು ಓಡಿದರೆ ತಟ್ಟಿ ನಿಧಾನ. ಕಿವಿಯ ಹತ್ತಿರ ಬಗ್ಗಿ ಮತ್ತೆ ಅದೇ ತೆಲುಗು, ಉದ್ದುದ್ದ, ನಿಲ್ಲಿಸದೆ. ಕಾಕು ಹೇಳಿದ್ದಳು, “ಇಲ್ಲೇ ಇರಾಕಿ, ನಾಲ್ಕು ಮಾತು ತೆಲುಗು ಕಲ್ತಕೋ.” ಕಲಿಯಲಿಲ್ಲ. ನನ್ನ ಹಟ. ಬೈಗುಳ ತಿಳಿದುಕೊಂಡು ಏನಾಗಬೇಕಾಗಿದೆ? ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದೆ. ಅವನು ಇನ್ನೂ ಹೇಳುತ್ತಿದ್ದ.

ಬೋನಾಲು ಹಬ್ಬದ ಮರುದಿನ ಮೇಸ್ತ್ರಿ ಮನೆಯಿಂದ ಖಾರದ ರೊಟ್ಟಿ ತಂದು ನನ್ನ ಡಬ್ಬಿಯ ಮೇಲೆ ಇಟ್ಟ. ಬಸಣ್ಣ ಒಂದು ತಿಂದು ಏನೂ ಆಗದೆ ಇದ್ದದ್ದನ್ನು ನೋಡಿದ ಮೇಲೆ ನಾನು ತಿಂದೆ. ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಕೈ ಮಾತ್ರ ಸುಧಾರಿಸುತ್ತಿತ್ತು. ಪಟ್ಟಿಗಳನ್ನು ಈಗ ನಾನೇ ಮುರಿದು ನೋಡುತ್ತಿದ್ದೆ, ಅವನು ಮುರಿಯುವ ಮೊದಲೇ. ಒಳಗೆ ತೂತಿದೆಯೋ, ಕರಿ ಪೊರೆ ಸಿಕ್ಕಿಕೊಂಡಿದೆಯೋ. ಒಂದು ದಿನ ಸುತ್ತಿಗೆಯಿಂದ ಎಷ್ಟು ಬಡಿದರೂ ಪಟ್ಟಿ ಬಗ್ಗಿತೇ ಹೊರತು ಜೋಡಣೆ ಬಿಡಲಿಲ್ಲ. ಮೇಸ್ತ್ರಿ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದನ್ನು ತನ್ನ ಜೊತೆಗೇ ಕೊಂಡುಹೋದ. ನನ್ನ ಚಲೋ ಕೆಲಸವನ್ನು ಸೇಠ್‌ಗೆ ಕಾಣದ ಹಾಗೆ ಬಚ್ಚಿಡುತ್ತಿದ್ದಾನೆ ಅಂದುಕೊಂಡೆ.

ವರ್ಷ ಮುಗಿಯುತ್ತ ಬಂದಾಗ ಅಂಥದೇ ಇನ್ನೊಂದು ಟ್ಯಾಂಕು ಬಂತು. ಸೇಠ್ ಹೇಳಿದ: ಒಳಗಿನ ಜೋಡಣೆ ಪೂರಾ ಇವಳೇ ಮಾಡಲಿ, ನೀರು ತುಂಬಿಸಿ ನೋಡೋಣ, ಸೋರದಿದ್ದರೆ ಇಲ್ಲೇ ಕೆಲಸ, ಸೋರಿದರೆ ಊರ ದಾರಿ. ಬಸಣ್ಣ ರಾಡು ಕೊಡುವವರು. ಸ್ವಿಚ್ಚಿಗೆ ಸಾಯಿಲು ಮೇಸ್ತ್ರಿ. ಪ್ಲಾಸ್ಟರ್ ಬಿಚ್ಚಿತ್ತು, ಆದರೆ ಮಣಿಕಟ್ಟು ಸೊಟ್ಟಗೆ ಕೂಡಿತ್ತು, ಆ ಕೈಯಿಂದ ಹೋಲ್ಡರ್ ಹಿಡಿದರೆ ನಡುಗುತ್ತಿತ್ತು.

ನಾನು ಟ್ಯಾಂಕಿನೊಳಗೆ ಇಳಿದೆ. ಸುತ್ತ ಕಬ್ಬಿಣ, ಮೈಯೆಲ್ಲ ಬೆವರು, ಹೊರಗೆ ಸ್ವಿಚ್ಚಿನ ಮೇಲೆ ನಾನು ಮುರಿದ ಕೈ. ಇದಕ್ಕೇ ಇಷ್ಟು ದಿನ ನನ್ನನ್ನು ಇಟ್ಟುಕೊಂಡದ್ದು, ಇವತ್ತಿಗಾಗಿಯೇ ಕಾದದ್ದು ಅಂತ ಖಾತ್ರಿಯಾಯಿತು. ತಲೆ ಹೊರಗೆ ಹಾಕಿ ಹೇಳಿದೆ: “ಬಸಣ್ಣಾರ, ಮೇಸ್ತ್ರಿಗೆ ಹೇಳ್ರಿ. ಮೇನಿನ ಫ್ಯೂಸ್ ಕಿತ್ತು ನನ್ನ ಕೈಯಾಗ ಕೊಡಲಿ. ನಾ ಒಳಗ ಎಲ್ಲಾ ಒರೆಸಿ, ಒಣಾ ಗ್ಲೌಸ್ ಹಾಕ್ಕೊಂಡು, ರಾಡ್ ಸಿಕ್ಕಿಸಿ, ಆಮ್ಯಾಲೆ ಫ್ಯೂಸ್ ಹೊರಗ ಕೊಡ್ತೀನಿ. ಆತನ ಮ್ಯಾಲೆ ನನಗ ನಂಬಿಕಿ ಇಲ್ಲ. ಹಿಂಗಂತನ ಹೇಳ್ರಿ, ಒಂದಕ್ಷರ ಬಿಡಬ್ಯಾಡ್ರಿ.”

ಬಸಣ್ಣ ತೆಲುಗಿನಲ್ಲಿ ಹೇಳಲು ಶುರುಮಾಡಿದರು. ಮೇಸ್ತ್ರಿ ನಡುವೆಯೇ ಕೈ ಎತ್ತಿ ತಡೆದು ಏನೋ ಕೇಳಿದ. ಬಸಣ್ಣನ ಮುಖ ಬಿಳುಚಿತು.

“ಏನಂದ?”

ಬಸಣ್ಣ ಕೈಯಲ್ಲಿದ್ದ ರಾಡು ಎಣಿಸತೊಡಗಿದರು. ಮೇಸ್ತ್ರಿ ನನ್ನ ಕಡೆ ತಿರುಗಿ ತನ್ನ ಹಿಂದಿಯಲ್ಲಿ ತಡವರಿಸುತ್ತ ಕೇಳಿದ: “ನಿನಗ ತೆಲುಗು ಬರ್ತದಲ್ಲ, ಇವನು ಯಾಕ ನಡುವೆ?”

“ಬರೂದಿಲ್ಲ. ಅವತ್ತ ಹೇಳೀನಲ್ಲ!”

“ಸುಳ್ಳು. ಮೊದಲನೇ ದಿನ ಬಸಣ್ಣ ಹೇಳ್ಯಾನ, ನಮ್ಮ ಕಡೆಯಾಕಿ, ತೆಲುಗು ಪೂರಾ ಬರ್ತದ ಅಂತ. ನೀನೂ ತಲಿ ಆಡಿಸಿದಿ.”

ನಾನು ಬಸಣ್ಣನ ಕಡೆ ನೋಡಿದೆ. ಅವರು ರಾಡಿನ ಕಟ್ಟನ್ನು ಕೆಳಗಿಟ್ಟರು. “ತೆಲುಗು ಬರದಾರನ್ನ ತಗೊಳ್ಳೂದಿಲ್ಲ ಅಂದಿದ್ದ ತಂಗಿ ಸೇಠ್. ನಿನಗ ಕೆಲಸ ಆಗಲಿ ಅಂತ ಅಂದ್ನಿ. ಹೋಗ್ತಾ ಹೋಗ್ತಾ ಕಲಿತಾಳ ಬಿಡು ಅಂದ್ಕೊಂಡ್ನಿ.”

“ಆಮ್ಯಾಲ? ಗಾಜಿನ ಖೋಲಿಯಾಗ ನನ್ನ ನಿಂದ್ರಿಸಿ ಕೇಳಿದಾಗ? ಆಗ್ಯಾಕ ಬಾಯಿಗೆ ಬೀಗ ಹಾಕ್ಕೊಂಡಿರಿ?”

“ಆಗ ಹೇಳಿದ್ರ ನನ್ನ ಹೊರಗ ಹಾಕ್ತಿದ್ರು” ಅಂದರು ಬಸಣ್ಣ.

ಮೈ ಉರಿದುಹೋಯಿತು. ಒಂದು ವರ್ಷ ನಾನು ಈ ಶೆಡ್ಡಿನಲ್ಲಿ ಎಲ್ಲರನ್ನೂ ಅನುಮಾನಿಸಿದೆ, ಗ್ಲೌಸು ಕದ್ದವರನ್ನು, ರೊಟ್ಟಿ ತಂದವರನ್ನು. ಇವರೊಬ್ಬರನ್ನು ಬಿಟ್ಟು. ಬಾಯಿಗೆ ಬಂದದ್ದೆಲ್ಲ ಅಂದೆ, ಟ್ಯಾಂಕಿನ ಬಾಯಲ್ಲಿ ಕುತ್ತಿಗೆ ಹೊರಹಾಕಿಕೊಂಡೇ. ಬಸಣ್ಣ ಅನ್ನಿಸಿಕೊಂಡರು. ಮೇಸ್ತ್ರಿಗೆ ನನ್ನ ಮಾತು ತಿಳಿಯದಿದ್ದರೂ ಇಬ್ಬರ ಮುಖ ನೋಡಿ ಅವನಿಗೆ ಒಂದೊಂದಾಗಿ ಎಲ್ಲ ಅರ್ಥವಾಗುತ್ತಿತ್ತು. ನನ್ನ ಉಸಿರು ತೀರಿದ ಮೇಲೆ ಮೆಲ್ಲಗೆ ಕೇಳಿದ: “ಹಂಗಾದ್ರ ಮಳಿಗಾಲದಾಗ ನಾನು ದಿನಾ ನಿನಗ ಹೇಳಿದ್ದು?”

“ಬೈತೀರಿ ಅಂದ್ಕೊಂಡಿದ್ದೆ.”

ಅವನು ಸ್ವಿಚ್ಚಿನ ಬಳಿಯ ಸ್ಟೂಲಿನ ಮೇಲೆ ಕೂತುಬಿಟ್ಟ. ಬಸಣ್ಣನನ್ನು ಕರೆದು ಏನೋ ಹೇಳಿದ. ಬಸಣ್ಣ ನನಗೆ ಕನ್ನಡದಲ್ಲಿ ಹೇಳಿದರು. ಆ ಅನುವಾದವನ್ನೂ ಅವತ್ತು ನಾನು ಪೂರಾ ನಂಬಲಿಲ್ಲ, ಆದರೆ ಆಮೇಲೆ ತೆಲುಗು ಕಲಿತು ಮೇಸ್ತ್ರಿಯ ಬಾಯಿಂದಲೇ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಕರಗಿದ ಕಬ್ಬಿಣದ ಬಣ್ಣ ನೋಡಿ ಒಳಗೆ ತಾಗಿದೆಯೋ ಇಲ್ಲವೋ ಹೇಗೆ ತಿಳಿಯಬೇಕು, ರಾಡಿನ ಸದ್ದು ಬದಲಾದರೆ ಏನು ಮಾಡಬೇಕು, ತೇವದ ರಾಡನ್ನು ಮೊದಲು ಹೇಗೆ ಕಾಯಿಸಬೇಕು, ತನ್ನ ಗುರು ತನಗೆ ಹೇಳಿಕೊಡದೆ ಇಟ್ಟುಕೊಂಡದ್ದೇನು, ತಾನೇ ಹುಡುಕಿಕೊಂಡದ್ದೇನು. ತನಗೆ ಗೊತ್ತಿದ್ದದ್ದನ್ನೆಲ್ಲ ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿ ಮುಗಿಸಿದ್ದ. ಹಿಂದಿಯಲ್ಲಿ ಅಷ್ಟು ಹೇಳಲು ಅವನಿಗೆ ಬರುತ್ತಿರಲಿಲ್ಲ.

ನನಗೆ ಅಳು ಬಂತು. ಕಬ್ಬಿಣದೊಳಗೆ ನಿಂತು ಅತ್ತೆ. ಮುಖ ಒರೆಸಿಕೊಂಡು ಕೇಳಿದೆ: “ನಾ ಬೇಕಂತ ಸ್ವಿಚ್ ಒತ್ತಿದ್ನಿ ಅಂತ ತಿಳ್ಕೊಂಡಿದ್ರಿ?”

“ಹೂಂ. ತೆಲುಗು ಬರೋಳಿಗೆ ಚಾಲು ತಿಳಿಯೂದಿಲ್ಲೇನು ಅಂದ್ಕೊಂಡೆ. ಕೊಲ್ಲಾಕ ನೋಡಿದ್ಲು ಅಂದ್ಕೊಂಡೆ.”

“ಮತ್ತ ಯಾಕ ಕಲಿಸಿದ್ರಿ?”

ಮೇಸ್ತ್ರಿ ಸೊಟ್ಟಗಾದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡ. “ನಿನ್ನ ಕೈ ಚಲೋ ಐತಿ. ಮನಸ್ಸು ಕೆಟ್ಟದಿದ್ರ ಅದು ನಿನ್ನ ಹಣೆಬರಹ. ನನಗ ಜೋಡಣಿ ಸೋರಬಾರದು, ಅಷ್ಟ.”

ಎದ್ದುಹೋಗಿ ಮೇನಿನ ಫ್ಯೂಸು ಕಿತ್ತ. ತಂದು ನನ್ನ ಕೈಯಲ್ಲಿ ಇಟ್ಟ. ಬೇಡ ಅಂದೆ. “ಇಟ್ಕೋ, ಕೇಳಿದ್ದು ಸರಿ ಐತಿ” ಅಂದ. ನಾನು ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಒರೆಸಿ, ಒಣ ಗ್ಲೌಸು ಹಾಕಿ, ರಾಡು ಸಿಕ್ಕಿಸಿ, ಆಮೇಲೆ ಹೊರಗೆ ಕೊಟ್ಟೆ. ಜೋಡಣೆ ಮುಗಿಯುವಷ್ಟು ಹೊತ್ತೂ ಮೇಸ್ತ್ರಿ ಟ್ಯಾಂಕಿನ ಬಾಯಲ್ಲಿ ಬಗ್ಗಿ, ಒಂದೊಂದೇ ಹಿಂದಿ ಪದ ಹುಡುಕಿಕೊಂಡು, ಮೊದಲಿನಿಂದ ಹೇಳುತ್ತಿದ್ದ. ಈ ಸಲ ತಿಳಿಯದಿದ್ದಾಗ ನಾನು ಹೂಂ ಅನ್ನಲಿಲ್ಲ.

ಮರುದಿನ ಟ್ಯಾಂಕಿಗೆ ನೀರು ತುಂಬಿಸಿದರು. ಸೇಠ್ ನೋಡುತ್ತ ನಿಂತಿದ್ದ. ನಾನು ಮಂಡಿಯೂರಿ ತಳದ ಸುತ್ತ ಬೆರಳಾಡಿಸುತ್ತ ಹೋದೆ. ಎಲ್ಲ ಒಣಗಿಯೇ ಇತ್ತು. ಸಾಯಿಲು ಮೇಸ್ತ್ರಿ ನನ್ನ ಹಿಂದೆಯೇ ಮಂಡಿಯೂರಿ, ನಾನು ಮುಟ್ಟಿ ನೋಡಿದ ಜಾಗವನ್ನೆಲ್ಲ ಮತ್ತೊಮ್ಮೆ ತಾನೂ ಮುಟ್ಟಿ ನೋಡುತ್ತ ಬಂದ.